ಮಡಚಿದ ಪ್ಯಾಂಟಿನಲ್ಲಿ ಎರಡು ನಗರಗಳು

ಬೆಂಗಳೂರಿನ ಇಂದಿರಾನಗರದಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಒಂದು ಕಾಫಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಇಂಥ ಒಬ್ಬ ಯುವಕನಾದರೂ ಕಣ್ಣಿಗೆ ಬೀಳುತ್ತಾನೆ: ಒಪ್ಪವಾಗಿ ಕತ್ತರಿಸಿದ ತುಂಬು ಗಡ್ಡ, ದಪ್ಪ ಬಟ್ಟೆಯ ಕೆಂಪು-ಕಪ್ಪು ಚೌಕಳಿ ಅಂಗಿ, ಕಾರ್ಖಾನೆಯ ಕೆಲಸಗಾರರು ಹಾಕುವಂಥ ಬೂಟು, ಕಣಕಾಲಿನ ಮೇಲಕ್ಕೆ ಎರಡು ಸುತ್ತು ಮಡಚಿದ ಜೀನ್ಸ್. ಬೆಂಗಳೂರಿನ ಹವೆಗೆ ಅಷ್ಟು ದಪ್ಪ ಅಂಗಿ ಬೇಕಿಲ್ಲ. ಅವನು ಮರ ಕಡಿಯುವವನೂ ಅಲ್ಲ. ಮನೆಯಲ್ಲಿ ತಾಯಿ ಕೇಳುತ್ತಾರೆ: "ಪ್ಯಾಂಟು ಉದ್ದವಾಯಿತೇನಪ್ಪಾ? ಕೊಡು, ದರ್ಜಿಯ ಹತ್ತಿರ ಕಡಿಮೆ ಮಾಡಿಸಿಕೊಂಡು ಬರುತ್ತೇನೆ." ಮಗ ಬೇಡ ಎನ್ನುತ್ತಾನೆ. ಯಾಕೆ ಬೇಡ ಎಂದು ಹೇಳಲು ಅವನಿಗೂ ಬರುವುದಿಲ್ಲ.

ಈ ವೇಷಕ್ಕೆ ಹಿಪ್‌ಸ್ಟರ್ ಉಡುಗೆ ಎಂದು ಹೆಸರು. ಈ ಶತಮಾನದ ಮೊದಲ ದಶಕದ ಉಡುಪುಗಳು ಕೆಲವು ವರ್ಷಗಳಿಂದ 'ಇಂಡಿ ಸ್ಲೀಜ್' ಎಂಬ ಹೊಸ ಹೆಸರು ಹೊತ್ತು ಮೊಬೈಲ್ ಪರದೆಗೆ ಮರಳಿರುವುದರಿಂದ ಹಿಪ್‌ಸ್ಟರ್ ಎಂಬ ಪದವೂ ಮತ್ತೆ ಕೇಳಿಬರುತ್ತಿದೆ. ಆ ಉಡುಗೆಯ ಎರಡು ದೊಡ್ಡ ತವರುಗಳು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಮತ್ತು ಲಂಡನ್ನಿನ ಶೋರ್‌ಡಿಚ್. ದೂರದಿಂದ ನೋಡಿದರೆ ಎರಡೂ ಕಡೆಯ ಯುವಕರು ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಹತ್ತಿರ ಹೋಗಿ ಪ್ಯಾಂಟಿನ ಮಡಿಕೆಯನ್ನು ನೋಡಿದರೆ, ಒಬ್ಬೊಬ್ಬರು ಮಡಚಿರುವುದು ಒಂದೊಂದು ಕಾರಣಕ್ಕೆ ಎಂದು ತಿಳಿಯುತ್ತದೆ.

ಹಿಪ್ಪಿ ಬೇರೆ, ಹಿಪ್‌ಸ್ಟರ್ ಬೇರೆ

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ವಾರಗಟ್ಟಲೆ ತಂಗುತ್ತಿದ್ದ ವಿದೇಶಿಯರನ್ನು ನಮ್ಮ ಜನ ಹಿಪ್ಪಿಗಳು ಎಂದೇ ಕರೆದರು. ಹಿಪ್ಪಿ 1960ರ ದಶಕದ ಮಾತು. ನಗರ, ನೌಕರಿ, ಸರ್ಕಾರದ ಯುದ್ಧ ಎಲ್ಲಕ್ಕೂ ಬೆನ್ನು ತಿರುಗಿಸಿ ಹೊರನಡೆದವನು ಹಿಪ್ಪಿ. ಹಿಪ್‌ಸ್ಟರ್ ಅದಕ್ಕಿಂತ ಹಳೆಯ ಪದ. 1940ರ ದಶಕದಲ್ಲಿ ಅಮೆರಿಕದ ಕಪ್ಪು ಜನರ ಜಾಝ್ ಸಂಗೀತದ ಸುತ್ತ 'ಹಿಪ್' ಎಂಬ ಮಾತು ಓಡಾಡುತ್ತಿತ್ತು. ಹೊಸದು ಯಾವುದು, ಸೊಗಸಾದದ್ದು ಯಾವುದು ಎಂಬುದು ಊರಿಗಿಂತ ಮೊದಲೇ ಗೊತ್ತಿರುವುದು ಎಂದು ಅದರ ಅರ್ಥ. ಹಾಗೆ ಗೊತ್ತಿರುವವನು ಹಿಪ್‌ಸ್ಟರ್. ಹಿಪ್ಪಿ ಎಂಬ ಪದ ಹುಟ್ಟಿದ್ದೂ ಇದರ ಬೇರಿನಿಂದಲೇ.

1990ರ ದಶಕದ ಕೊನೆಯ ಹೊತ್ತಿಗೆ ಪದಕ್ಕೆ ಮರುಜೀವ ಬಂತು. ಈಗ ಅದು ಸೂಚಿಸುವುದು ಓದಿಕೊಂಡ, ಹೆಚ್ಚಾಗಿ ಮಧ್ಯಮ ವರ್ಗದಿಂದ ಬಂದ ನಗರದ ಯುವಜನರನ್ನು. ಚಿತ್ರಕಲೆ, ಸಂಗೀತ, ವಿನ್ಯಾಸ, ಬರವಣಿಗೆ ಇವರ ಕಸುಬು. ಮಾಲ್‌ಗಳಲ್ಲಿ ಎಲ್ಲರಿಗೂ ಸಿಗುವುದು ಇವರಿಗೆ ಬೇಡ; ಹಳೆಯದು, ಅಪರೂಪದ್ದು, ಕೈಯಲ್ಲಿ ಮಾಡಿದ್ದು ಬೇಕು. ಹಿಪ್ಪಿ ನಗರ ಬಿಟ್ಟು ಹೋದ. ಹಿಪ್‌ಸ್ಟರಿಗೆ ನಗರವಿಲ್ಲದೆ ಆಗುವುದಿಲ್ಲ.

ಬಾಡಿಗೆ ಮತ್ತು ಹಳೆ ಬಟ್ಟೆಯ ಗುಡ್ಡೆ

ಈ ಉಡುಗೆಯನ್ನು ಯಾವ ವಿನ್ಯಾಸಕನೂ ಕೂತು ರಚಿಸಲಿಲ್ಲ. ಕಡಿಮೆ ಬಾಡಿಗೆ ಮತ್ತು ಅಗ್ಗದ ಹಳೆ ಬಟ್ಟೆ ಒಂದೇ ಜಾಗದಲ್ಲಿ ಕೂಡಿದಾಗ ಅದು ತಾನಾಗಿ ಹುಟ್ಟಿತು.

ನ್ಯೂಯಾರ್ಕಿನ ಕಲಾವಿದರು 1960 ಮತ್ತು 70ರ ದಶಕಗಳಲ್ಲಿ ಮ್ಯಾನ್‌ಹಟನ್ನಿನ ಸೋಹೊ ಪ್ರದೇಶದ ಖಾಲಿ ಕಾರ್ಖಾನೆಗಳಲ್ಲಿ ಬೀಡುಬಿಟ್ಟರು. ಅಲ್ಲಿ ಬಾಡಿಗೆ ಏರಿತು, ಈಸ್ಟ್ ವಿಲೇಜಿಗೆ ಸರಿದರು. ಅಲ್ಲಿಯೂ ಏರಿತು. ಆಗ ಈಸ್ಟ್ ನದಿ ದಾಟಿ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗಿಗೆ ಹೋದರು. 'ಎಲ್' ಹೆಸರಿನ ಸುರಂಗ ರೈಲಿನಲ್ಲಿ ನದಿ ದಾಟಿದ ಕೂಡಲೇ ಸಿಗುವ ಮೊದಲ ನಿಲ್ದಾಣ ಅಲ್ಲಿನ ಬೆಡ್‌ಫರ್ಡ್ ಅವೆನ್ಯೂ. ಅದು ಕಾರ್ಮಿಕರ ಪ್ರದೇಶ. ಹತ್ತೊಂಬತ್ತನೆಯ ಶತಮಾನದಿಂದ ನದಿದಂಡೆಯಲ್ಲಿ ನಡೆಯುತ್ತಿದ್ದ ಡಾಮಿನೊ ಸಕ್ಕರೆ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದಕ್ಕೂ ಮೊದಲೇ ಸುತ್ತಲಿನ ಎಷ್ಟೋ ಕಟ್ಟಡಗಳು ಖಾಲಿ ಬಿದ್ದಿದ್ದವು. ಎತ್ತರದ ಕಿಟಕಿಗಳ ಆ ಹಜಾರಗಳಲ್ಲಿ ಚಿತ್ರ ಬರೆಯಬಹುದಿತ್ತು, ವಾದ್ಯ ಬಾರಿಸಬಹುದಿತ್ತು, ಅಲ್ಲೇ ಮಲಗಬಹುದಿತ್ತು.

ಲಂಡನ್ನಿನಲ್ಲಿ ಶೋರ್‌ಡಿಚ್ ಮತ್ತು ಪಕ್ಕದ ಹಾಕ್ಸ್‌ಟನ್ ಒಂದು ಕಾಲಕ್ಕೆ ಪೀಠೋಪಕರಣ ಮಾಡುವ ಬಡಗಿಗಳ ಕೇರಿ. ಆ ಕಸುಬು ಸೊರಗಿದ ಮೇಲೆ 1990ರ ದಶಕದಲ್ಲಿ ಕಲಾವಿದರು ಬಂದರು. 2000ದಲ್ಲಿ ವೈಟ್ ಕ್ಯೂಬ್ ಎಂಬ ಹೆಸರಾಂತ ಕಲಾ ಗ್ಯಾಲರಿ ಹಾಕ್ಸ್‌ಟನ್ ಚೌಕದಲ್ಲಿ ಬಾಗಿಲು ತೆರೆಯಿತು.

ಇಂಥವರ ಕೈಯಲ್ಲಿ ಹಣ ಕಡಿಮೆ, ಕಣ್ಣು ಮಾತ್ರ ಚುರುಕು. ಹಾಗಾಗಿ ಹಳೆ ಬಟ್ಟೆಯ ಅಂಗಡಿಗೆ ಹೋದರು. ನಮ್ಮಲ್ಲಿ ಹಳೆ ಸೀರೆ, ಪ್ಯಾಂಟು ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ರೂಢಿ ಇತ್ತಲ್ಲ, ಅಲ್ಲಿ ಅಂಥ ಬಟ್ಟೆ ದಾನದ ಸಂಸ್ಥೆಗಳಿಗೆ ಹೋಗುತ್ತದೆ. ಅವು ಅದನ್ನು ಮಾರಿ ಸೇವಾ ಕೆಲಸಕ್ಕೆ ಹಣ ಕೂಡಿಸುತ್ತವೆ. ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್, ಅಮೆರಿಕದಲ್ಲಿ ಗುಡ್‌ವಿಲ್, ಸಾಲ್ವೇಶನ್ ಆರ್ಮಿ ಹೀಗೆ ಅಂಗಡಿ ನಡೆಸುತ್ತವೆ. ತೂಕದ ಲೆಕ್ಕದಲ್ಲಿ ಬಟ್ಟೆ ಮಾರುವ ಗೋದಾಮುಗಳೂ ಇವೆ.

ಎರಡು ನಗರಗಳ ದಾರಿ ಕವಲೊಡೆದದ್ದು ಈ ಗುಡ್ಡೆಯ ಮುಂದೆ ಎಂಬುದು ನನ್ನ ತಿಳಿವಳಿಕೆ. ಗುಡ್ಡೆಯಲ್ಲಿ ಸಿಗುವುದು ಆ ದೇಶದ ಹಿಂದಿನ ತಲೆಮಾರು ತೊಟ್ಟು ಬಿಟ್ಟದ್ದು ಮಾತ್ರ. ಅಮೆರಿಕದ ತಾತಂದಿರು ಒಂದು ಬಗೆಯದನ್ನು ತೊಟ್ಟಿದ್ದರು, ಬ್ರಿಟನ್ನಿನ ತಾತಂದಿರು ಇನ್ನೊಂದು ಬಗೆಯದನ್ನು.

ನ್ಯೂಯಾರ್ಕ್: ಹೊರಟುಹೋದ ಕೆಲಸದ ಬಟ್ಟೆ

ವಿಲಿಯಮ್ಸ್‌ಬರ್ಗಿನಲ್ಲಿ ಮೊದಲು ಎದ್ದು ಕಂಡದ್ದು ಟ್ರಕ್ ಚಾಲಕರ ಟೋಪಿ. ಮುಂಭಾಗ ಸ್ಪಂಜು, ಹಿಂಭಾಗ ಪ್ಲಾಸ್ಟಿಕ್ ಬಲೆ. ಬೀಜ, ಪಶು ಆಹಾರ, ಟ್ರ್ಯಾಕ್ಟರ್ ಮಾರುವ ಕಂಪನಿಗಳು ಪ್ರಚಾರಕ್ಕೆಂದು ರೈತರಿಗೂ ಚಾಲಕರಿಗೂ ಪುಕ್ಕಟೆ ಹಂಚಿದ ಟೋಪಿ ಅದು. ನಮ್ಮ ಹಳ್ಳಿಗಳಲ್ಲಿ ಬೀಜದ ಕಂಪನಿಯವರು ಕೊಟ್ಟ ಟೋಪಿ ಹಾಕಿಕೊಂಡು ಹೊಲಕ್ಕೆ ಹೋಗುವವರನ್ನು ನೋಡಿದ್ದೇವೆ. ಅದೇ ಟೋಪಿಯನ್ನು ನಗರದ ಚಿತ್ರಕಾರನೊಬ್ಬ ಸಂಜೆಯ ಸಂಗೀತ ಕಛೇರಿಗೆ ಹಾಕಿಕೊಂಡು ಬಂದಂತೆ.

ಆಮೇಲೆ ಕಾಲಿಗೆ ಅಂಟಿಕೊಳ್ಳುವ ಪ್ಯಾಂಟುಗಳು ಬಂದವು. ಇದರಲ್ಲಿ ಪ್ಯಾರಿಸ್ಸಿನ ಪಾತ್ರವಿದೆ. 2000ದಿಂದ 2007ರವರೆಗೆ ಡಿಯೊರ್ ಎಂಬ ಉಡುಪಿನ ಸಂಸ್ಥೆಯ ಪುರುಷರ ವಿಭಾಗ ನಡೆಸಿದ ಹೆಡಿ ಸ್ಲಿಮಾನ್ ಗಂಡಸರ ಉಡುಪನ್ನು ಕಡ್ಡಿಯಷ್ಟು ಕಿರಿದು ಮಾಡಿದ. ಜೊತೆಗೆ ಲಾಸ್ ಏಂಜಲೀಸಿನ ಅಮೆರಿಕನ್ ಅಪ್ಯಾರಲ್ ಕಂಪನಿಯ, ಎಲ್ಲೂ ಹೆಸರು ಮುದ್ರಿಸದ ಸಾದಾ ಅಂಗಿಗಳು. ನಗರದಲ್ಲಿ ಕಾಗದಪತ್ರ ಮುಟ್ಟಿಸುತ್ತಿದ್ದ ಸೈಕಲ್ ಸವಾರರಿಂದ ಗೇರು ಇಲ್ಲದ ಸೈಕಲ್, ಎದೆಗೆ ಅಡ್ಡಲಾಗಿ ಹಾಕುವ ಚೀಲ, ಚೈನಿಗೆ ಸಿಕ್ಕದಂತೆ ಮೇಲೆ ಮಡಚಿದ ಬಲಗಾಲಿನ ಪ್ಯಾಂಟು ಬಂದವು. ಪ್ಯಾಂಟು ಮಡಚಲು ಇದು ಮೊದಲ ಕಾರಣ.

2008ರ ಆರ್ಥಿಕ ಕುಸಿತದ ಆಚೀಚೆ ರೂಪ ಬದಲಾಯಿತು. ಗಡ್ಡ ಬೆಳೆಯಿತು, ಬಟ್ಟೆ ದಪ್ಪವಾಯಿತು. ಪೆನ್ಸಿಲ್ವೇನಿಯಾದಲ್ಲಿ 1830ರಲ್ಲಿ ಶುರುವಾದ ವುಲ್‌ರಿಚ್ ಉಣ್ಣೆ ಗಿರಣಿಯ ಕೆಂಪು-ಕಪ್ಪು ಚೌಕಳಿ, ಡೆಟ್ರಾಯಿಟಿನಲ್ಲಿ 1889ರಲ್ಲಿ ರೈಲ್ವೆ ಕೆಲಸಗಾರರಿಗಾಗಿ ಹೊಲಿಯಲು ಆರಂಭಿಸಿದ ಕಾರ್‌ಹಾರ್ಟ್ ಕೋಟು, ಮಿನೆಸೋಟಾದಲ್ಲಿ 1905ರಲ್ಲಿ ಹುಟ್ಟಿದ ರೆಡ್ ವಿಂಗ್ ಬೂಟು ಇವೆಲ್ಲ ಮರ ಕಡಿಯುವವರ, ಗಣಿ ಅಗೆಯುವವರ, ಹಳಿ ಹಾಸುವವರ ಸಾಮಾನು. ಕಂಪ್ಯೂಟರ್ ಮುಂದೆ ಕೂತು ದುಡಿಯುವ ಮೊಮ್ಮಕ್ಕಳು ಅವನ್ನು ತೊಟ್ಟರು. ನ್ಯೂಯಾರ್ಕಿನ ಚಳಿಯೂ ಇದಕ್ಕೆ ಕೂಡಿಬಂತು: ಜನವರಿಯಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುವ, ಬೀದಿಯಲ್ಲಿ ಹಿಮ ಕೂಡುವ ಊರಿನಲ್ಲಿ ದಪ್ಪ ಬೂಟಿಗೂ ಉಣ್ಣೆಯ ಟೋಪಿಗೂ ನಿಜವಾದ ಉಪಯೋಗವಿದೆ.

ಸೀರೆಯ ಅಂಚು, ಜೀನ್ಸಿನ ಅಂಚು

ನ್ಯೂಯಾರ್ಕಿನವನು ಪ್ಯಾಂಟು ಮಡಚಲು ಎರಡನೆಯ ಕಾರಣವೊಂದಿದೆ. ಅದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ, ಏಕೆಂದರೆ ಮಗ್ಗದ ಮಾತು ನಮಗೆ ಹೊಸದಲ್ಲ.

ಬಟ್ಟೆಯಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಜೀನ್ಸಿನಲ್ಲಿ ಹಾಸಿನ ನೂಲಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಹೊಕ್ಕು ಬಿಳಿಯದು. ಅದಕ್ಕೇ ಜೀನ್ಸಿನ ಹೊರಮೈ ನೀಲಿ, ಒಳಮೈ ಬಿಳಿಚು. ಇಳಕಲ್ಲಿನ ಮಗ್ಗದಲ್ಲಿ ಲಾಳಿ ಎಡದಿಂದ ಬಲಕ್ಕೆ ಹೋಗಿ ಅದೇ ನೂಲನ್ನು ಎಳೆದುಕೊಂಡು ಹಿಂದಿರುಗುತ್ತದೆ. ಹಾಗಾಗಿ ಸೀರೆಯ ದಡಿ ತನ್ನಷ್ಟಕ್ಕೇ ಮುಚ್ಚಿಕೊಳ್ಳುತ್ತದೆ, ನೂಲು ಬಿಚ್ಚಿಬರುವುದಿಲ್ಲ. ಮೊದಲು ಜೀನ್ಸಿನ ಬಟ್ಟೆಯನ್ನೂ ಲಾಳಿ ಇರುವ ಮಗ್ಗದಲ್ಲೇ ನೇಯುತ್ತಿದ್ದರು, ವಿದ್ಯುತ್ತಿನಿಂದ ಓಡುವ ಮಗ್ಗ ಎಂಬುದಷ್ಟೇ ವ್ಯತ್ಯಾಸ. ಬಟ್ಟೆಯ ಅಗಲ ಸುಮಾರು 30 ಅಂಗುಲ. ಅದರ ಅಂಚಿನಲ್ಲಿ ಗುರುತಿಗೆಂದು ಒಂದು ಬಣ್ಣದ ಎಳೆ ಸೇರಿಸುತ್ತಿದ್ದರು. ಲೀವೈಸ್ ಕಂಪನಿಯ ಬಟ್ಟೆಗೆ ಅದು ಕೆಂಪು. ಈ ಮುಚ್ಚಿದ ಅಂಚಿಗೆ ಸೆಲ್ವೆಜ್ ಎನ್ನುತ್ತಾರೆ.

ಲಾಳಿಯಿಲ್ಲದ ಹೊಸ ಮಗ್ಗಗಳು ಬಂದಾಗ ಬಟ್ಟೆಯ ಅಗಲ ದುಪ್ಪಟ್ಟಾಯಿತು, ವೇಗವೂ ಹೆಚ್ಚಿತು. ಆದರೆ ಅವು ಹೊಕ್ಕಿನ ನೂಲನ್ನು ಎರಡೂ ಬದಿಯಲ್ಲಿ ಕತ್ತರಿಸುತ್ತವೆ, ಅಂಚು ಜುಂಗುಜುಂಗಾಗಿ ಉಳಿಯುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯವರನ್ನು ಕೇಳಿದರೆ ಹೇಳುತ್ತಾರೆ: ಅಂಥ ಬಟ್ಟೆಗೆ ಓವರ್‌ಲಾಕ್ ಹೊಲಿಗೆ ಹಾಕಲೇಬೇಕು. 1980ರ ದಶಕದ ಹೊತ್ತಿಗೆ ಅಮೆರಿಕದ ದೊಡ್ಡ ಕಂಪನಿಗಳು ಸೆಲ್ವೆಜ್ ಕೈಬಿಟ್ಟವು. ಅದನ್ನು ಪ್ರೀತಿಯಿಂದ ಮುಂದುವರಿಸಿದ್ದು ಜಪಾನಿನ ಒಕಾಯಾಮಾ ಪ್ರಾಂತ್ಯದ ಗಿರಣಿಗಳು. ಅಮೆರಿಕದಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬೊರೊ ಊರಿನ ವೈಟ್ ಓಕ್ ಗಿರಣಿ ಹಳೆಯ ಲಾಳಿಮಗ್ಗಗಳನ್ನು ಓಡಿಸುತ್ತಿತ್ತು. 1905ರ ಆ ಗಿರಣಿ 2017ರ ಕೊನೆಗೆ ಮುಚ್ಚಿತು.

ಪ್ಯಾಂಟಿನ ಹೊರಬದಿಯ ಹೊಲಿಗೆಯಲ್ಲಿ ಈ ಅಂಚು ಒಳಗೆ ಅಡಗಿರುತ್ತದೆ. ತುದಿಯನ್ನು ಮೇಲಕ್ಕೆ ಮಡಚಿದಾಗ ಮಾತ್ರ ಬಿಳಿಯ ಪಟ್ಟಿ, ಅದರೊಳಗಿನ ಕೆಂಪು ಎಳೆ ಹೊರಗೆ ಕಾಣುತ್ತವೆ. ನ್ಯೂಯಾರ್ಕಿನ ಹಿಪ್‌ಸ್ಟರ್ ಅದನ್ನು ತೋರಿಸಲೆಂದೇ ಅಗಲವಾಗಿ ಮಡಚುತ್ತಾನೆ. ಬಲ್ಲವರಿಗೆ ಅದು ಸಂಜ್ಞೆ. ಇಂಥ ಪ್ಯಾಂಟನ್ನು ಅವನು ತಿಂಗಳುಗಟ್ಟಲೆ ಒಗೆಯದೆಯೂ ಇರಬಹುದು, ನೀಲಿ ಮೈಯ ಒತ್ತಡಕ್ಕೆ ತಕ್ಕಂತೆ ಮಾಸಲಿ ಎಂದು.

ಲಂಡನ್: ಅಂತಸ್ತಿನ ಗುರುತುಗಳ ಜೊತೆ ಆಟ

ಲಂಡನ್ನಿನ ಗುಡ್ಡೆಯಲ್ಲಿ ಸಿಕ್ಕದ್ದು ಬೇರೆ. ಜಮೀನುದಾರರು ತೊಡುತ್ತಿದ್ದ, ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯ ಕೋಟು, ಬೇಟೆಗೆ ಹೋಗುವಾಗ ತೊಡುತ್ತಿದ್ದ ಬಾರ್ಬರ್ ಎಂಬ ಕಂಪನಿಯ ಮೇಣ ಹಚ್ಚಿದ ಕೋಟು, ಸೈನ್ಯದ ಉದ್ದನೆಯ ಓವರ್‌ಕೋಟು, ಅಜ್ಜಿಯ ಹೂವಿನ ಫ್ರಾಕು, ಶಾಲೆಯ ಬ್ಲೇಜರ್. ಇಂಗ್ಲೆಂಡಿನಲ್ಲಿ ಬಟ್ಟೆ ಬಹುಕಾಲ ಅಂತಸ್ತನ್ನು ಹೇಳುತ್ತಿತ್ತು; ಯಾರು ಯಾವ ಶಾಲೆಯವನು, ಯಾವ ರೆಜಿಮೆಂಟಿನವನು ಎಂಬುದು ಅವನ ಟೈಯಿಂದಲೇ ತಿಳಿಯುತ್ತಿತ್ತು. ಇಂಥ ದೇಶದಲ್ಲಿ ಜಮೀನುದಾರನ ಕೋಟನ್ನು ಹರಿದ ಟಿ-ಶರ್ಟಿನ ಮೇಲೆ ಹಾಕಿಕೊಳ್ಳುವುದು ಅಂತಸ್ತಿನ ಗುರುತನ್ನೇ ಕಲಕುವ ಕೆಲಸ.

ಆ ಕೆಲಸಕ್ಕೆ ಲಂಡನ್ನಿನಲ್ಲಿ ಪರಂಪರೆಯೂ ಇತ್ತು. 1950ರ ದಶಕದ ಟೆಡ್ಡಿ ಬಾಯ್‌ಗಳು ಕಾರ್ಮಿಕರ ಮಕ್ಕಳು. ಅರ್ಧ ಶತಮಾನದ ಹಿಂದಿನ ಶ್ರೀಮಂತರ ನೀಳ ಕೋಟನ್ನು ಹೊಲಿಸಿಕೊಂಡು ಮೆರೆದರು. 1960ರ ದಶಕದ ಮಾಡ್‌ಗಳು ಇಟಲಿಯ ಕತ್ತರಿಕೆಯ ಸೂಟು ತೊಟ್ಟು, ಸ್ಕೂಟರಿನಲ್ಲಿ ಅದು ಕೊಳೆಯಾಗದಂತೆ ಸೈನ್ಯದ ಪಾರ್ಕಾ ಕೋಟನ್ನು ಮೇಲೆ ಹಾಕಿದರು. ಆಗಲೇ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಹಳೆಯ ಮಿಲಿಟರಿ ಅಂಗಿಗಳ ಮಾರಾಟ ಜೋರಾಯಿತು. ಜರಿಯ ಕಸೂತಿಯ ಕುದುರೆ ಸವಾರರ ಕೋಟು ತೊಟ್ಟ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಚಿತ್ರಗಳನ್ನು ಅನೇಕರು ನೋಡಿರಬಹುದು. 1970ರ ದಶಕದ ಪಂಕ್‌ಗಳು ಬಟ್ಟೆ ಹರಿದು ಪಿನ್ನು ಚುಚ್ಚಿಕೊಂಡರು. ಹೀಗೆ ಶೋರ್‌ಡಿಚ್ಚಿನ ಹಿಪ್‌ಸ್ಟರಿಗೆ ಆಯ್ದುಕೊಳ್ಳಲು ಮೂರು ನಾಲ್ಕು ಪಂಥಗಳ ಉಡುಗೆ ಸಿದ್ಧವಾಗಿತ್ತು. ಮರ ಕಡಿಯುವವನಾಗುವ ಅಗತ್ಯ ಅವನಿಗೆ ಬೀಳಲಿಲ್ಲ.

ಪಕ್ಕದಲ್ಲೇ ಇನ್ನೊಂದು ಲೋಕವಿತ್ತು. ಶೋರ್‌ಡಿಚ್ಚಿನಿಂದ ದಕ್ಷಿಣಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಲಂಡನ್ನಿನ ಬ್ಯಾಂಕುಗಳ ಪ್ರದೇಶ. ಬೂದು ಸೂಟಿನ ಸಾಲು ಎದುರಿಗೇ ಇರುವಾಗ, ಬೇರೆಯಾಗಿ ಕಾಣಬೇಕೆನ್ನುವವರು ಬಣ್ಣಕ್ಕೆ ಕೈಹಾಕಿದರು. ತಲೆಯ ಬದಿಗಳಲ್ಲಿ ಕೂದಲನ್ನು ಗಿಡ್ಡ ಮಾಡಿ ನಡುವೆ ಮೀನಿನ ರೆಕ್ಕೆಯಂತೆ ಎತ್ತಿ ನಿಲ್ಲಿಸುವ 'ಹಾಕ್ಸ್‌ಟನ್ ಫಿನ್' ಈ ಶತಮಾನದ ಆರಂಭದ ಗುರುತು. 2006-07ರ ಹೊತ್ತಿಗೆ ಕಣ್ಣು ಕುಕ್ಕುವ ಹಳದಿ, ಗುಲಾಬಿ, ಹಸಿರು ಬಣ್ಣಗಳು ತುಂಬಿದವು. ಅದೇ ದಶಕದಲ್ಲಿ ನ್ಯೂಯಾರ್ಕಿನವನು ಕಂದು, ನೀಲಿ, ಮಾಸಿದ ಕೆಂಪಿನ ಕಡೆ ವಾಲುತ್ತಿದ್ದ.

ಹೆಣ್ಣುಮಕ್ಕಳ ಉಡುಗೆಯಲ್ಲಿ ಲಂಡನ್ನಿನ ಕೈ ಮೇಲು ಎನ್ನಬೇಕು. 1940ರ ದಶಕದ ಹೂವಿನ ಫ್ರಾಕಿನ ಕೆಳಗೆ ಗಟ್ಟಿಮುಟ್ಟಾದ ಡಾಕ್ಟರ್ ಮಾರ್ಟೆನ್ಸ್ ಬೂಟು ಹಾಕುವ ಧೈರ್ಯ ಅಲ್ಲಿಯದು. ನ್ಯೂಯಾರ್ಕಿನ ಕೊಡಲಿ ಮತ್ತು ಗಡ್ಡದ ಕಥೆಯಲ್ಲಿ ಹೆಂಗಸರಿಗೆ ಜಾಗ ಕಿರಿದಾಗಿತ್ತು.

ಬ್ರಿಕ್ ಲೇನ್ ಬೀದಿಯ ಬಗ್ಗೆ ಹೇಳದೆ ಲಂಡನ್ನಿನ ಮಾತು ಮುಗಿಯದು. ಹಳೆ ಬಟ್ಟೆಯ ಅಂಗಡಿಗಳು ಸಾಲುಗಟ್ಟಿರುವ ಆ ಪ್ರದೇಶಕ್ಕೆ ಬಟ್ಟೆಯ ನಂಟು ಮುನ್ನೂರು ವರ್ಷಗಳದ್ದು. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನಾಟ್ ನೇಕಾರರು ಅಲ್ಲಿ ರೇಷ್ಮೆ ನೇಯ್ದರು. ಅನಂತರ ಯಹೂದಿ ದರ್ಜಿಗಳು ಬಂದರು, ಆಮೇಲೆ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. 1743ರಲ್ಲಿ ಹ್ಯೂಗೆನಾಟರು ಕಟ್ಟಿದ ಚರ್ಚ್ ಮುಂದೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿ, 1976ರಲ್ಲಿ ಮಸೀದಿಯಾಯಿತು. ಒಂದೇ ಕಟ್ಟಡ, ಸೂಜಿ ಮತ್ತು ಮಗ್ಗ ಹಿಡಿದ ಮೂರು ಜನಾಂಗಗಳು. ಅದರ ಸುತ್ತ ಬಾಡಿಗೆ ಏರುತ್ತ ಹೋದಾಗ ನೋವೂ ಇತ್ತು, ಸಿಟ್ಟೂ ಇತ್ತು. 2015ರ ಸೆಪ್ಟೆಂಬರಿನಲ್ಲಿ ಪ್ರತಿಭಟನಾಕಾರರು ಬ್ರಿಕ್ ಲೇನಿನ ಒಂದು ದುಬಾರಿ ಉಪಾಹಾರದ ಕೆಫೆಗೆ ಬಣ್ಣ ಎರಚಿದ್ದು ಸುದ್ದಿಯಾಯಿತು. ವಿಲಿಯಮ್ಸ್‌ಬರ್ಗಿನಲ್ಲಿಯೂ 2005ರಲ್ಲಿ ನಗರಾಡಳಿತ ನದಿದಂಡೆಯಲ್ಲಿ ಎತ್ತರದ ವಸತಿ ಕಟ್ಟಡಗಳಿಗೆ ಅವಕಾಶ ಕೊಟ್ಟ ಮೇಲೆ ಹಳೆಯ ಪೋರ್ಟೊ ರಿಕೊ ಕುಟುಂಬಗಳು ಬಾಡಿಗೆ ತಾಳಲಾರದೆ ಜಾಗ ಬಿಡಬೇಕಾಯಿತು. ಕಾರ್ಮಿಕನ ಅಂಗಿ ಬೀದಿಯಲ್ಲಿ ಉಳಿಯಿತು. ಕಾರ್ಮಿಕನಿಗೆ ಅಲ್ಲಿ ಮನೆ ಉಳಿಯಲಿಲ್ಲ. ಈ ಉಡುಗೆಯ ಚೆಂದವನ್ನು ಹೇಳುವಾಗ ಇದನ್ನೂ ಹೇಳದಿದ್ದರೆ ವಿವರಣೆ ಅರ್ಧವಾಗುತ್ತದೆ.

ಒಂದೇ ವಸ್ತು, ಎರಡು ನೆನಪು

ಎರಡೂ ನಗರಗಳಲ್ಲಿ ಸಿಗುವ ವಸ್ತುಗಳೂ ಇವೆ. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಅಂಥದು. ಬ್ರಿಟನ್ನಿನಲ್ಲಿ ಅದು 1948ರಲ್ಲಿ ಶುರುವಾದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ನೆನಪಿಸುತ್ತದೆ. ಆ ಸೇವೆ ಕೊಟ್ಟ ಸಾದಾ ಕನ್ನಡಕ ಹಾಕಿದ ಮಕ್ಕಳನ್ನು ಶಾಲೆಯಲ್ಲಿ ಗೇಲಿ ಮಾಡುತ್ತಿದ್ದರು. ಅಮೆರಿಕದಲ್ಲಿ ಅದೇ ಚೌಕಟ್ಟು ಸೈನ್ಯ ತನ್ನ ಯೋಧರಿಗೆ ಕೊಡುತ್ತಿದ್ದ ಕನ್ನಡಕವನ್ನೂ, ಬಿಳಿ ಅಂಗಿಯ ಹಳೆಯ ಎಂಜಿನಿಯರನ್ನೂ ನೆನಪಿಸುತ್ತದೆ.

ಬೂಟಿನ ಕಥೆಯೂ ಹೀಗೆಯೇ. ಡಾಕ್ಟರ್ ಮಾರ್ಟೆನ್ಸ್ ಬೂಟಿನ ಮೊದಲ ಮಾದರಿಯ ಹೆಸರು 1460. ಅದು ತಯಾರಾದ ದಿನ 1960ರ ಏಪ್ರಿಲ್ 1. ಹೆಸರು ಬಂದದ್ದು ಆ ತಾರೀಕಿನಿಂದ. ಅಂಚೆಯವರು, ಕಾರ್ಖಾನೆಯವರು ತೊಟ್ಟ ಆ ಬೂಟನ್ನು 1960ರ ದಶಕದ ಕೊನೆಗೆ ಲಂಡನ್ನಿನ ಕಾರ್ಮಿಕ ಯುವಕರು, ಅಂದರೆ ತಲೆ ಬೋಳಿಸಿದ ಸ್ಕಿನ್‌ಹೆಡ್‌ಗಳು, ತಮ್ಮ ಲಾಂಛನ ಮಾಡಿಕೊಂಡರು. ಬೂಟು ಪೂರ್ತಿ ಕಾಣಲಿ ಎಂದು ಅವರು ಜೀನ್ಸನ್ನು ಮೇಲಕ್ಕೆ ಮಡಚಿದರು. ಲಂಡನ್ನಿನ ಮಡಿಕೆಯ ಮೂಲ ಇಲ್ಲಿದೆ. ಅದು ಕಿರಿದಾದ ಮಡಿಕೆ, ಪ್ಯಾಂಟಿನ ಅಂಚಿಗೆ ಅಲ್ಲಿ ಮಹತ್ವವಿಲ್ಲ. ನೋಡಬೇಕಾದ್ದು ಕೆಳಗಿನ ಬೂಟನ್ನು, ಇಲ್ಲವೇ ಬಣ್ಣದ ಕಾಲುಚೀಲವನ್ನು.

ಬೇರೆಯಾಗಲು ಹೊರಟವರು ಒಂದೇ ಥರ ಕಾಣುವುದೇಕೆ

ಎಲ್ಲರಿಗಿಂತ ಬೇರೆಯಾಗಿರಬೇಕು ಎಂದು ಹೊರಟ ಸಾವಿರ ಜನ ಕೊನೆಗೆ ಒಂದೇ ಗಡ್ಡ, ಒಂದೇ ಅಂಗಿಗೆ ಬಂದು ನಿಲ್ಲುವುದು ಹೇಗೆ? ಜೊನಾಥನ್ ಟೂಬೂಲ್ ಎಂಬ ಗಣಿತಜ್ಞರು ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಅವರ ಉತ್ತರದ ಕೀಲಿ 'ತಡ' ಎಂಬ ಒಂದು ಮಾತಿನಲ್ಲಿದೆ.

ಟೊಮೆಟೊ ಬೆಳೆಯುವ ಕೋಲಾರದ ರೈತರು ಇದನ್ನು ಯಾವ ಸಮೀಕರಣವೂ ಇಲ್ಲದೆ ಬಲ್ಲರು. ಕಳೆದ ಹಂಗಾಮಿನಲ್ಲಿ ಬೆಳೆದವರು ಕಡಿಮೆ, ಬೆಲೆ ಏರಿತ್ತು. 'ಯಾರೂ ಬೆಳೆಯದ್ದನ್ನು ನಾನು ಬೆಳೆಯುತ್ತೇನೆ' ಎಂದು ಪ್ರತಿಯೊಬ್ಬನೂ ಪ್ರತ್ಯೇಕವಾಗಿ ಯೋಚಿಸುತ್ತಾನೆ. ಎಲ್ಲರ ಕೈಯಲ್ಲಿರುವುದು ಹಳೆಯ ಸುದ್ದಿ. ಪಕ್ಕದ ಹೊಲದವನೂ ಸಸಿ ನೆಟ್ಟಿದ್ದಾನೆ ಎಂದು ತಿಳಿಯುವ ಹೊತ್ತಿಗೆ ಮಾರುಕಟ್ಟೆಯ ತುಂಬ ಟೊಮೆಟೊ. ಉಡುಗೆಯಲ್ಲಿಯೂ ಇದೇ ಆಗುತ್ತದೆ. ಊರೆಲ್ಲ ಗಡ್ಡ ಬೋಳಿಸಿದೆ ಎಂದು ಕಂಡವನು ಗಡ್ಡ ಬಿಡುತ್ತಾನೆ. ಅದೇ ತಿಂಗಳು ಅವನಂಥವರೆಲ್ಲರೂ ಅದನ್ನೇ ಕಂಡು ಅದನ್ನೇ ಮಾಡಿರುತ್ತಾರೆ.

2019ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಈ ಅಧ್ಯಯನದ ಬಗ್ಗೆ ಬರೆದು, ಜೊತೆಗೆ ಉಣ್ಣೆಯ ಟೋಪಿ ಮತ್ತು ಚೌಕಳಿ ಅಂಗಿಯ ಯುವಕನೊಬ್ಬನ ಚಿತ್ರ ಹಾಕಿತು. ತನ್ನ ಅನುಮತಿಯಿಲ್ಲದೆ ತನ್ನ ಚಿತ್ರ ಬಳಸಿದ್ದೀರಿ ಎಂದು ಒಬ್ಬ ಓದುಗ ದೂರು ಬರೆದ. ಪತ್ರಿಕೆ ಚಿತ್ರ ಕೊಟ್ಟ ಸಂಸ್ಥೆಯನ್ನು ವಿಚಾರಿಸಿದಾಗ ಚಿತ್ರದಲ್ಲಿದ್ದವನು ಬೇರೆ ಯಾರೋ ಎಂದು ಗೊತ್ತಾಯಿತು. ಆ ಓದುಗ ತನ್ನನ್ನೇ ತಾನು ತಪ್ಪಾಗಿ ಗುರುತಿಸಿದ್ದ.

ಒಂದೇ ಗುಡ್ಡೆ

ವಿಲಿಯಮ್ಸ್‌ಬರ್ಗಿನ ಬಾಡಿಗೆ ತಾಳದ ಯುವಜನ ಅದೇ ಎಲ್ ರೈಲಿನ ದಾರಿ ಹಿಡಿದು ಬುಶ್‌ವಿಕ್ ಕಡೆಗೆ ಹೋದರು, ಶೋರ್‌ಡಿಚ್ಚಿನವರು ಉತ್ತರದ ಡಾಲ್‌ಸ್ಟನ್, ನದಿಯಾಚೆಯ ಪೆಕಮ್ ಕಡೆಗೆ. ಬಟ್ಟೆ ಹುಡುಕುವ ಜಾಗವೂ ಬದಲಾಗಿದೆ. 2011ರಲ್ಲಿ ಇಟಲಿಯಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಡೆಪಾಪ್‌ನಂಥ ಆ್ಯಪ್‌ಗಳಲ್ಲಿ ಲಂಡನ್ನಿನ ಹ್ಯಾಕ್ನಿಯ ಹುಡುಗಿ ಕಾರ್‌ಹಾರ್ಟ್ ಕೋಟು ಕೊಳ್ಳುತ್ತಾಳೆ, ಬ್ರೂಕ್ಲಿನ್ನಿನ ಹುಡುಗ ಮೇಣದ ಬಾರ್ಬರ್ ಕೋಟು ತರಿಸಿಕೊಳ್ಳುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಉಡುಗೆ ನೋಡಿ ಊರು ಹೇಳಬಹುದಿತ್ತು, ಈಗ ಅದು ಕಷ್ಟ.

ಅವರು ಕೊಳ್ಳದೆ ಬಿಟ್ಟ ಬಟ್ಟೆ ಎಲ್ಲಿಗೆ ಹೋಗುತ್ತದೆ? ಅದರ ಒಂದು ಪಾಲು ಹಡಗು ಹತ್ತಿ ಗುಜರಾತಿನ ಕಾಂಡ್ಲಾಕ್ಕೆ ಬರುತ್ತದೆ. ಅಲ್ಲಿನ ವಿಶೇಷ ಆರ್ಥಿಕ ವಲಯದ ಗೋದಾಮುಗಳಲ್ಲಿ ಹೆಚ್ಚಾಗಿ ಹೆಂಗಸರು ಕೂತು ಅಮೆರಿಕ, ಯುರೋಪಿನ ಹಳೆ ಬಟ್ಟೆಯನ್ನು ವಿಂಗಡಿಸುತ್ತಾರೆ: ತೊಡಲು ಬರುವುದು ಮತ್ತೆ ಹೊರದೇಶಕ್ಕೆ, ಹರಿದ ಉಣ್ಣೆ ನೂಲು ತೆಗೆಯಲು ಪಾಣಿಪತ್ತಿಗೆ, ಚಿಂದಿ ಯಂತ್ರ ಒರೆಸಲು. ನ್ಯೂಯಾರ್ಕಿನ ಚೌಕಳಿಯೂ ಲಂಡನ್ನಿನ ಟ್ವೀಡೂ ಒಂದೇ ರಾಶಿಯಲ್ಲಿ ಬೀಳುವ ನೆಲ ಅದು. ಮಡಿಕೆ ಬಿಡಿಸಿ ಅಂಚು ನೋಡುವ ಕೈಗಳೂ ಅಲ್ಲಿಯವೇ.